ಗ್ರೈಂಡರ್ ಹಿಡಿಯೋ ಮೊದಲು ಐನೂರು ಕಿಲೋಮೀಟರ್

ಮೊನ್ನೆ ಒಬ್ಬ ಹುಡುಗ ಶೆಡ್ಡಿಗೆ ಬಂದಿದ್ದ. ತಾತನ ಹಳೇ ಬೈಕು ಮನೆ ಹಿಂದೆ ಟಾರ್ಪಲ್ ಹೊದ್ದುಕೊಂಡು ನಿಂತಿದೆಯಂತೆ, ಅದನ್ನು ಮನೆಯಲ್ಲೇ ಕತ್ತರಿಸಿ ರೇಸ್ ಗಾಡಿ ಥರದ ಕೆಫೆ ರೇಸರ್ ಮಾಡಬೇಕಂತೆ. ವಿಡಿಯೋ ಎಲ್ಲಾ ನೋಡಿ ಮುಗಿಸಿದ್ದಾನೆ. ಅವನ ಪ್ರಶ್ನೆ ಒಂದೇ: "ಅಣ್ಣ, ಕಬ್ಬಿಣ ಕತ್ತರಿಸೋಕೆ ಗ್ರೈಂಡರ್ ಯಾವುದು ತಗೊಳ್ಳಲಿ?" ಗಾಡಿ ಸ್ಟಾರ್ಟ್ ಆಗುತ್ತಾ ಅಂತ ಕೇಳಿದೆ. "ಇಲ್ಲ, ಅದೆಲ್ಲಾ ಆಮೇಲೆ ನೋಡ್ಕೊಳ್ಳೋಣ" ಅಂದ.

ಆ "ಆಮೇಲೆ" ಅನ್ನೋ ಮಾತು ಕೇಳಿದಾಗ ನನಗೆ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಗುತ್ತದೆ. ಎಂಟು ವರ್ಷದ ಹಿಂದೆ ನಾನೂ ಅದನ್ನೇ ಅಂದಿದ್ದೆ. ಹೊಸಬನಾಗಿದ್ದರೆ ಬೇರೆ ಮಾತು. ಆಗಲೇ ಆರು ವರ್ಷ ಮೆಕ್ಯಾನಿಕ್ ಕೆಲಸ ಮಾಡಿದ್ದೆ, ಅದೂ ಮೈಸೂರಲ್ಲಿ, ಯೆಜ್ಡಿ ಬೈಕು ಹುಟ್ಟಿದ ಊರಲ್ಲಿ.

ಗೊತ್ತಿಲ್ಲದವರಿಗೆ ಒಂದು ಮಾತು. 1960ರ ದಶಕದ ಶುರುವಿನಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೆಕ್ ಕಂಪನಿಯ ಲೈಸೆನ್ಸ್ ಮೇಲೆ ಜಾವಾ ಮಾಡುತ್ತಿದ್ದರು, 70ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಆಯಿತು, 1996ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಗಾಡಿಗಳು ಎಲ್ಲೂ ಹೋಗಲಿಲ್ಲ. ನಮ್ಮ ಏರಿಯಾದಲ್ಲೇ ಬೆಳಿಗ್ಗೆ ಹಾಲಿಗೆ ಯೆಜ್ಡಿ ತಗೊಂಡು ಹೋಗೋ ಯಜಮಾನರು ಇಬ್ಬರಿದ್ದಾರೆ. ಜುಲೈ ಎರಡನೇ ಭಾನುವಾರ, ಈ ಗಾಡಿಯವರೆಲ್ಲಾ ಸೇರೋ ಜಾವಾ ದಿನ ಬಂತು ಅಂದರೆ ಹಿಂದಿನ ಒಂದು ತಿಂಗಳು ನನಗೆ ಊಟಕ್ಕೂ ಪುರುಸೊತ್ತು ಇರಲ್ಲ.

ಸರಿ, ಕಥೆಗೆ ಬರೋಣ. ಗಿರಾಕಿಯೊಬ್ಬರು ತಂದೆಯ 250 ಬಿ ಟೈಪ್ ಯೆಜ್ಡಿ ತಂದರು. ತಂದೆ ತೀರಿಕೊಂಡು ಐದಾರು ವರ್ಷ ಆಗಿತ್ತು, ಗಾಡಿ ಅಷ್ಟೂ ದಿನ ನಿಂತಲ್ಲೇ ನಿಂತಿತ್ತು. ಅವರಿಗೆ ಕೆಫೆ ರೇಸರ್ ಬೇಕು: ಕೆಳಗೆ ಬಗ್ಗಿದ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಒಬ್ಬರೇ ಕೂರೋ ಗೂನು ಸೀಟು. ಲಂಡನ್ನಿನ ಏಸ್ ಕೆಫೆ ಹುಡುಗರು 50-60ರ ದಶಕದಲ್ಲಿ ಶುರು ಮಾಡಿದ ಹುಚ್ಚು ಇದು, ಈಗ ನಮ್ಮ ಕೆ.ಆರ್. ಮೊಹಲ್ಲಾ ತನಕ ಬಂದಿದೆ. ನನ್ನ ಶೆಡ್ಡು ಮನೆ ಪಕ್ಕದಲ್ಲೇ ಇದೆ, ಹತ್ತು ಅಡಿಗೆ ಹನ್ನೆರಡು. ಅವತ್ತು ಸಂಜೆಯೇ ಗಾಡಿ ಪೂರ್ತಿ ಬಿಚ್ಚಿದೆ. ಬಿಚ್ಚೋದರಲ್ಲಿ ಒಂದು ಮಜಾ ಇದೆ, ಕೆಲಸ ಜೋರಾಗಿ ಓಡುತ್ತಿದೆ ಅನ್ನಿಸುತ್ತದೆ. ರಾತ್ರಿ ಒಂಬತ್ತಕ್ಕೆ ಫ್ರೇಮಿನ ಹಿಂದಿನ ಭಾಗಕ್ಕೆ ಗ್ರೈಂಡರ್ ಇಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ. ಕಿಡಿ ಹಾರೋ ಫೋಟೋ ಗಿರಾಕಿಗೆ ಕಳಿಸಿದೆ, ಅವರು ಬೆಂಕಿ ಚಿತ್ರ ಮೂರು ಹಾಕಿ ಕಳಿಸಿದರು.

ಮೊದಲ ಪೆಟ್ಟು ಕಿಕ್ ಲಿವರಿಂದ. ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಎಡಗಡೆ ಲಿವರನ್ನು ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ ಕಿಕ್ ಹೊಡಿ. ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರ್. ಫುಟ್‌ರೆಸ್ಟ್ ಒಂದಡಿ ಹಿಂದಕ್ಕೆ ಹಾಕಿದ ಮೇಲೆ ಕಾಲು ಆ ಲಿವರಿಗೆ ಹೇಗೆ ಸಿಗಬೇಕು? ಬೇರೆ ಗಾಡಿಯಾದರೆ ಒಂದು ರಾಡ್ ಕೊಟ್ಟು ಹಿಂದೆ ಇನ್ನೊಂದು ಪೆಡಲ್ ಕೂರಿಸಬಹುದು. ಇಲ್ಲಿ ರಾಡ್ ಕೊಟ್ಟರೆ ಕಿಕ್ ಹೊಡೆಯುವಾಗ ಪ್ರತಿ ಸಲ ಅದನ್ನು ಬಿಡಿಸಬೇಕು. ಅಷ್ಟೇ ಅಲ್ಲ, ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಒಳಗೆ ಕ್ಲಚ್ಚೂ ತಾನೇ ಬಿಡುತ್ತದೆ. ರಾಡಿನ ಜಾಯಿಂಟಲ್ಲಿ ಸ್ವಲ್ಪ ಸಡಿಲ ಇದ್ದರೂ ಕ್ಲಚ್ ಅರ್ಧ ಬಿಟ್ಟು ಗೇರ್ ಕರಕರ ಅನ್ನುತ್ತದೆ. ಮೂರು ರಾಡ್ ಮಾಡಿದೆ, ಮೂರೂ ಗುಜರಿಗೆ ಹೋದವು. ಕೊನೆಗೆ ಫುಟ್‌ರೆಸ್ಟ್ ಇದ್ದ ಜಾಗಕ್ಕೇ ವಾಪಸ್ ಬಂತು. ಆದರೆ ಸೀಟು ಅಷ್ಟೊತ್ತಿಗೆ ಹಿಂದಿನ ಅಳತೆಗೆ ರೆಡಿಯಾಗಿತ್ತು. ಕೂತರೆ ಮುಂದಕ್ಕೆ ಬಗ್ಗಿದ ಕೈ, ಮುಂದೆ ಚಾಚಿದ ಕಾಲು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತ ಹಾಗೆ.

ಗಾಡಿಯನ್ನು ಒಂದು ವಾರ ಸುಮ್ನೆ ಓಡಿಸಿದ್ದರೆ ಇದು ನನ್ನ ಕಾಲಿಗೇ ಗೊತ್ತಾಗುತ್ತಿತ್ತು ಅಲ್ವಾ? ಯೆಜ್ಡಿ ನಾನು ನೂರಾರು ರಿಪೇರಿ ಮಾಡಿದ್ದೆ. ಆದರೆ ರಿಪೇರಿ ಮಾಡೋದು ಬೇರೆ, ದಿನಾ ಅದರ ಮೇಲೆ ಕೂತು ತರಕಾರಿ ತರೋದು ಬೇರೆ.

ಎರಡನೇದು ಪೇಂಟ್. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದೆ, ಕಪ್ಪು, ಮಿರಮಿರ ಮಿಂಚುತ್ತಿತ್ತು. ಪುಡಿ ಎರಚಿ ಇನ್ನೂರು ಡಿಗ್ರಿ ಹತ್ತಿರ ಬೇಯಿಸುತ್ತಾರಲ್ಲ, ಅದು ಹೋಗದ ಜಾಗವೇ ಇಲ್ಲ. ಬೋಲ್ಟ್ ಹೋಗೋ ಥ್ರೆಡ್ಡಿನೊಳಗೆ ಹೋಗಿತ್ತು. ಸ್ಟೀರಿಂಗ್ ಬೇರಿಂಗಿನ ಬಟ್ಟಲು ಕೂರೋ ಜಾಗಕ್ಕೂ ಹೋಗಿತ್ತು, ಬಟ್ಟಲು ಕೂರಲೇ ಇಲ್ಲ. ಎಲ್ಲಾ ಜೋಡಿಸಿ ಲೈಟ್ ಹಾಕಿದರೆ ಲೈಟಿಲ್ಲ, ಹಾರ್ನಿಲ್ಲ. ಎರಡು ರಾತ್ರಿ ಹುಡುಕಿದೆ. ಹೊಸ ವೈರಿಂಗ್ ಎರಡು ಸಲ ಬಿಚ್ಚಿ ಹಾಕಿದೆ, 6 ವೋಲ್ಟಿನ ಡೈನಮೋ ಸತ್ತಿದೆ ಅಂತ ಅದನ್ನೂ ಕಳಚಿದೆ. ಮೂರನೇ ದಿನ ಬೆಳಿಗ್ಗೆ ಅಮ್ಮ ಕಾಫಿ ಇಟ್ಟು ಹೋದರು, ಲೋಟ ಎತ್ತಿಕೊಂಡು ಸುಮ್ನೆ ವೈರನ್ನು ಫ್ರೇಮಿಗೆ ಸೇರಿಸೋ ಅರ್ಥಿಂಗ್ ಬೋಲ್ಟ್ ಕಡೆ ನೋಡುತ್ತಿದ್ದೆ. ಬೋಲ್ಟಿನ ಕೆಳಗೆ ಕಪ್ಪು ಬಣ್ಣ ಹಾಗೇ ಇತ್ತು. ಕಬ್ಬಿಣಕ್ಕೆ ವೈರ್ ತಾಗಿಯೇ ಇರಲಿಲ್ಲ. ಒಂದು ರೂಪಾಯಿ ಅಗಲ ಬಣ್ಣ ಕೆರೆದೆ, ಲೈಟ್ ಹತ್ತಿತು. ಕಾಫಿ ಆರಿ ಹೋಗಿತ್ತು.

ಇದೇ ಕೋಟಿಂಗ್ ಇನ್ನೊಂದು ಕಡೆಯೂ ಕೈ ಕೊಟ್ಟಿತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನೀವಲ್ ಮಾಡಿಸಬೇಕು, ಆಗ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತಾರೆ. ನಂಬರಿನ ಗುಂಡಿಯಲ್ಲೆಲ್ಲಾ ಪೌಡರ್ ತುಂಬಿಕೊಂಡು ಕೈಗೆ ನುಣ್ಣಗೆ ಸಿಗುತ್ತಿತ್ತು. ಗ್ರೈಂಡರ್ ಮುಟ್ಟಿಸುವ ಹಾಗಿಲ್ಲ, ನಂಬರಿಗೆ ಗೀರು ಬಿದ್ದರೆ ಅದು ಬೇರೆಯೇ ಕೇಸು. ಪೇಂಟ್ ರಿಮೂವರ್ ಹಚ್ಚಿ, ಹಲ್ಲುಕಡ್ಡಿಯಲ್ಲಿ ಒಂದೊಂದೇ ಅಂಕಿ ಬಿಡಿಸಿದೆ. ಈಗ ಕೋಟಿಂಗಿಗೆ ಕಳಿಸುವಾಗ ನಂಬರಿನ ಮೇಲೆ, ಥ್ರೆಡ್ ಮೇಲೆ, ಅರ್ಥಿಂಗ್ ಜಾಗದ ಮೇಲೆ ಬಿಸಿ ತಡೆಯೋ ಟೇಪ್ ನಾನೇ ಅಂಟಿಸಿ ಕಳಿಸುತ್ತೇನೆ.

ಕಾನೂನಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು. ನಾನು ಇದನ್ನು ಗಿರಾಕಿಗೆ ಮೊದಲ ದಿನವೇ ಹೇಳುತ್ತೇನೆ. ಅರ್ಧ ಜನ ಅಲ್ಲೇ ವಾಪಸ್ ಹೋಗುತ್ತಾರೆ, ಹೋಗಲಿ. ಅದಕ್ಕೇ ಈಗ ನಾನು ಒಪ್ಪಿಕೊಳ್ಳೋದೆಲ್ಲಾ ಬೋಲ್ಟ್ ಬಿಚ್ಚಿದರೆ ವಾಪಸ್ ಮೂಲದ ಹಾಗೇ ಆಗೋ ಕೆಲಸ.

ದೊಡ್ಡ ಪೆಟ್ಟು ಇಂಜಿನ್ನಿಂದ ಬಂತು. ನಾಲ್ಕು ತಿಂಗಳಾದ ಮೇಲೆ ಗಾಡಿ ಸ್ಟಾರ್ಟ್ ಮಾಡಿದರೆ ಎರಡೂ ಸೈಲೆನ್ಸರಿಂದ ದಟ್ಟ ಹೊಗೆ, ಬೀದಿಗೆ ಸೊಳ್ಳೆ ಔಷಧಿ ಹೊಡೆದ ಹಾಗೆ. ಟೂ ಸ್ಟ್ರೋಕ್ ಗಾಡಿ ಹೊಗೆ ಕಾರುತ್ತದೆ, ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಹಾಕುತ್ತೇವಲ್ಲ. ಆದರೆ ಇದು ಆ ಹೊಗೆ ಅಲ್ಲ. ಗೇರ್‌ಬಾಕ್ಸ್ ಆಯಿಲ್ ನೋಡಿದರೆ ಕಮ್ಮಿಯಾಗುತ್ತಿದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅಂದರೆ ಆಯಿಲ್ ತಡೆಯೋ ರಬ್ಬರ್ ಬಳೆ ಹೋಗಿ, ಇಂಜಿನ್ ಆ ಕಡೆಯಿಂದ ಗೇರ್ ಆಯಿಲ್ ಹೀರಿಕೊಂಡು ಸುಡುತ್ತಿತ್ತು. ಆರು ವರ್ಷ ನಿಂತ ಗಾಡಿಯ ರಬ್ಬರ್ ಗಟ್ಟಿಯಾಗಿ ಒಡೆಯೋದು ಮಾಮೂಲು. ಬಿಚ್ಚೋ ಮೊದಲು ಒಂದು ಸಲ ಸ್ಟಾರ್ಟ್ ಮಾಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಈಗ ಗಿರಾಕಿ ಕೇಳಿದರು: "ನಮ್ಮಪ್ಪ ಓಡಿಸುವಾಗ ಹೀಗಿರಲಿಲ್ಲ. ನೀವೇ ಏನಾದ್ರೂ ಮಾಡಿದ್ರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕೆಡಿಸಿದ್ದೋ ಮೊದಲೇ ಕೆಟ್ಟಿದ್ದೋ ಅಂತ ಹೇಳೋಕೆ ನಾನು ಮೊದಲು ನೋಡೇ ಇರಲಿಲ್ಲವಲ್ಲ.

ಸೀಲ್ ಬದಲಾಯಿಸಿದೆ, ನನ್ನ ಖರ್ಚಲ್ಲೇ. ಆಮೇಲೆ ಟ್ರಯಲ್ಲಿಗೆ ಅಂತ ನಂಜನಗೂಡು ರಸ್ತೆಗೆ ತಗೊಂಡು ಹೋದೆ. ಹಳೇ ಏರ್ ಫಿಲ್ಟರ್ ಡಬ್ಬ ತೆಗೆದು ನೋಡೋಕೆ ಚೆಂದ ಅಂತ ಕೋನ್ ಫಿಲ್ಟರ್ ಹಾಕಿದ್ದೆ, ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಅಳೆಯೋ ಕಾರ್ಬುರೇಟರ್ ಜೆಟ್ ಮಾತ್ರ ಹಳೇದೇ. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಬರೋದು, ಅಂದರೆ ಪೆಟ್ರೋಲ್ ಕಮ್ಮಿ ಆದರೆ ಬಿಸಿಯೂ ಏರುತ್ತದೆ, ಆಯಿಲೂ ಸಾಲುವುದಿಲ್ಲ. ಕಡಕೊಳ ದಾಟಿದ ಮೇಲೆ ಗಾಡಿ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಯಿತು. ಕ್ಲಚ್ ಹಿಡಿದೆ, ಹಿಂದಿನ ಚಕ್ರ ಒಂದು ಮಾರು ಉಜ್ಜಿಕೊಂಡು ಹೋಗಿ ಬಿಟ್ಟಿತು. ಪಿಸ್ಟನ್ ಸೀಜ್, ಬಿಸಿಗೆ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬೆಳ್ಳಗಿತ್ತು. ಅದು ಕಾಫಿಪುಡಿ ಬಣ್ಣದಲ್ಲಿರಬೇಕು. ಟೆಂಪೋದಲ್ಲಿ ಗಾಡಿ ಹಾಕಿಕೊಂಡು ಬಂದೆ. ಟೆಂಪೋದವನು ದಾರಿಯುದ್ದಕ್ಕೂ "ಚೆನ್ನಾಗಿದೆ ಗಾಡಿ, ಎಷ್ಟಾಯ್ತು?" ಅಂತ ಕೇಳುತ್ತಲೇ ಇದ್ದ.

ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಹಾಕಿ, ಹಳೇ ಫಿಲ್ಟರ್ ಡಬ್ಬವನ್ನೇ ವಾಪಸ್ ಕೂರಿಸಿ ಕೊಟ್ಟೆ.

ಅದಾದ ಮೇಲೆ ನನ್ನ ಕೆಲಸದ ಕ್ರಮವೇ ತಿರುವುಮುರುವಾಯಿತು. ಯಾವ ಗಾಡಿ ಬಂದರೂ ಮೊದಲು ಅದು ಇದ್ದ ಹಾಗೇ ಓಡಬೇಕು. ಸೀಲು, ಪ್ಲಗ್ಗಿಗೆ ಕಿಡಿ ಕೊಡೋ ಪಾಯಿಂಟು, ಟ್ಯಾಂಕಿನ ತುಕ್ಕು, ಬ್ರೇಕ್ ಲೈನರ್, ಟೈರು ಇಷ್ಟು ಸರಿ ಮಾಡಿ, ಐನೂರು ಕಿಲೋಮೀಟರ್ ಗಿರಾಕಿಯೇ ಓಡಿಸಬೇಕು. ಏನೇನು ಹಿಡಿಸಲಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬರಬೇಕು. ತಮಾಷೆ ಏನಂದರೆ, ಐನೂರು ಕಿಲೋಮೀಟರ್ ಆದಮೇಲೆ ಸುಮಾರು ಜನ ಹ್ಯಾಂಡಲ್ ಮತ್ತು ಸೀಟು ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ನನ್ನ ಬಿಲ್ ಕಮ್ಮಿಯಾಗಿದೆ, ನಿಜ. ಆಮೇಲೆ ಹೊಸ ಪಾರ್ಟ್‌ಗಳನ್ನೆಲ್ಲಾ ಬಣ್ಣ ಇಲ್ಲದೆ ಹಸಿಹಸಿಯಾಗೇ ಜೋಡಿಸಿ, ಹಾಗೇ ಒಂದು ನೂರು ಕಿಲೋಮೀಟರ್ ಓಡಿಸುತ್ತೇನೆ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಆ ಹುಡುಗನಿಗೂ ಇದನ್ನೇ ಹೇಳಿ, ಗ್ರೈಂಡರ್ ಬದಲು ಸಣ್ಣ ಸಂದು ಅಳೆಯೋ ಒಂದು ಫೀಲರ್ ಗೇಜು, ಒಂದು ಒಳ್ಳೆ ಸ್ಪ್ಯಾನರ್ ಸೆಟ್ಟು ತಗೋ ಅಂದೆ. ಮುಖ ಸಪ್ಪೆ ಮಾಡಿಕೊಂಡು ಹೋದ.

ಆ ಯೆಜ್ಡಿಯವರು ಹೋದ ವರ್ಷ ಫೋನ್ ಮಾಡಿದ್ದರು. ಇಷ್ಟು ವರ್ಷ ಮಾತಿರಲಿಲ್ಲ. ಅವರ ತಾಯಿಗೆ ಒಂದು ಸಲ ಆ ಗಾಡಿಯಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಬೇಕಂತೆ, ಹಿಂದೆ ಕೂರೋಕೆ ಜಾಗ ಇಲ್ಲ. ನಾನು ಕತ್ತರಿಸಿದ ತುಂಡು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೆ, ಯಾಕೋ ಬಿಸಾಕಿರಲಿಲ್ಲ. ಪೈಪಿನೊಳಗೆ ಗಟ್ಟಿ ಸ್ಲೀವ್ ತೂರಿಸಿ, ಪಕ್ಕದಲ್ಲಿ ತೂತು ಕೊರೆದು ಅಲ್ಲೂ ವೆಲ್ಡ್ ತುಂಬಿ, ಸುತ್ತಲೂ ವೆಲ್ಡ್ ಹೊಡೆದೆ. ಕತ್ತರಿಸುವಾಗ ಡಿಸ್ಕು ತಿಂದ ಕಬ್ಬಿಣ, ಅಂಚು ತಿಕ್ಕುವಾಗ ಹೋದದ್ದು, ಎಲ್ಲಾ ಸೇರಿ ಎರಡು ಮಿಲಿಮೀಟರ್ ಕಮ್ಮಿ ಬಂತು. ಹಳೇ ಉದ್ದ ಸೀಟು ಕೂತಿತು. ಬಲಗಡೆಯ ಹಿಂದಿನ ಬೋಲ್ಟ್ ಮಾತ್ರ ಇವತ್ತಿಗೂ ಸ್ವಲ್ಪ ಓರೆಯಾಗೇ ಹೋಗುತ್ತದೆ.