ದಾವಣಗೆರೆಯಿಂದ ಕ್ರೂಸ್ ಪ್ರವಾಸ: ಹಡಗು ಹತ್ತುವ ಮುನ್ನ ಕಾಯಿಲೆಯ ವಿಚಾರ ಕೇಳಿ ತಿಳಿದುಕೊಳ್ಳಿ

ಮುಂಬೈನಿಂದ ಗೋವಾ ಮತ್ತು ಲಕ್ಷದ್ವೀಪಕ್ಕೆ ಹೋಗಿಬರುವ ಕ್ರೂಸ್ ಹಡಗಿನ ಪ್ರವಾಸವನ್ನು ನಮ್ಮ ಕುಟುಂಬ ಕಳೆದ ಚಳಿಗಾಲದಲ್ಲಿ ಮುಗಿಸಿ ಬಂದಿತು. ಬಂದಾಗಿನಿಂದ ದಾವಣಗೆರೆಯ ನೆಂಟರು, ಚಿತ್ರದುರ್ಗದ ಪರಿಚಯದವರು, ನಮ್ಮ ಬಡಾವಣೆಯವರು ಊಟ ಹೇಗಿತ್ತು, ಎಷ್ಟು ಖರ್ಚಾಯಿತು, ವಾಂತಿಯಾಗಲಿಲ್ಲವೇ ಎಂದೆಲ್ಲ ಕೇಳುತ್ತಿದ್ದಾರೆ. ಆದರೆ ಹೊರಡುವ ಮೊದಲು ನಮ್ಮ ಮಾವನವರು ಕೇಳಿದ ಪ್ರಶ್ನೆಯನ್ನು ಮಾತ್ರ ಇವರಲ್ಲಿ ಯಾರೂ ಕೇಳಲಿಲ್ಲ. "ನಡುನೀರಿನಾಗ ಯಾರಿಗಾದ್ರೂ ಅಂಟುಜ್ವರ ಬಂದ್ರೆ ಏನ್ ಮಾಡ್ತಾರಂತಮ್ಮ? ಕೋವಿಡ್‌ನಾಗ ಹಡಗಿನ ಜನ ಪಟ್ಟ ಪಾಡು ಟಿ.ವಿ.ಯಾಗ ನೋಡಿಲ್ವಾ?" ಎಂಬುದು ಅವರ ಪ್ರಶ್ನೆ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರು ಟಿಕೆಟ್ ಕಾಯ್ದಿರಿಸುವ ಮೊದಲೇ ಇದಕ್ಕೆ ಉತ್ತರ ಹುಡುಕಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಉಳಿದ ವಿವರಗಳಿಗಿಂತ ಹೆಚ್ಚಾಗಿ ಇದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮಾವನವರು ನೆನಪಿಸಿದ್ದು ಡೈಮಂಡ್ ಪ್ರಿನ್ಸೆಸ್ ಹಡಗನ್ನು. 2020ರ ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋದ ಒಬ್ಬ ಪ್ರಯಾಣಿಕರಿಗೆ ಸೋಂಕಿರುವುದು ಆಮೇಲೆ ಗೊತ್ತಾಯಿತು. ಫೆಬ್ರವರಿ 3ರಂದು ಹಡಗು ಜಪಾನಿನ ಯೊಕೊಹಾಮಾ ತಲುಪಿದಾಗ ಅದರಲ್ಲಿದ್ದ 3,711 ಜನರನ್ನು ಇಳಿಯಲು ಬಿಡದೆ ಅಲ್ಲಿಯೇ ಪ್ರತ್ಯೇಕವಾಸದಲ್ಲಿ ಇರಿಸಲಾಯಿತು. ಪ್ರಯಾಣಿಕರು ತಮ್ಮ ತಮ್ಮ ಕೋಣೆಗಳಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರೆ, ಅವರಿಗೆ ಊಟ ತಲುಪಿಸುತ್ತಿದ್ದ ಸಿಬ್ಬಂದಿ ಮಾತ್ರ ಹಗಲೆಲ್ಲ ದುಡಿದು, ರಾತ್ರಿ ಕೋಣೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡು ಮಲಗುತ್ತಿದ್ದರು. ಕೊನೆಗೆ ಒಟ್ಟು 712 ಜನರಿಗೆ ಸೋಂಕು ತಗುಲಿತು. ಆ ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿಯೇ ಆಗಿದ್ದರು. ಅವರಲ್ಲಿ ಕೆಲವರು ವಿಡಿಯೊ ಮಾಡಿ ಸರ್ಕಾರದ ನೆರವು ಕೇಳಿದ್ದು ಹಲವರಿಗೆ ನೆನಪಿರಬಹುದು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನದಲ್ಲಿ ದೆಹಲಿಗೆ ಕರೆತಂದವರನ್ನು ಮಾನೇಸರದ ಶಿಬಿರದಲ್ಲಿ ಇರಿಸಲಾಗಿತ್ತು.

ಸಿಡ್ನಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2020ರ ಮಾರ್ಚ್ 19ರಂದು ರೂಬಿ ಪ್ರಿನ್ಸೆಸ್ ಹಡಗಿನ ಸುಮಾರು 2,700 ಪ್ರಯಾಣಿಕರನ್ನು, ತಪಾಸಣೆಯ ಫಲಿತಾಂಶಕ್ಕೂ ಕಾಯದೆ, ಇಳಿಸಿ ಮನೆಗಳಿಗೆ ಕಳುಹಿಸಿಬಿಟ್ಟರು. ಆ ಹಡಗಿನ ಸೋಂಕಿಗೆ ಸಂಬಂಧಿಸಿ 28 ಜನ ಸತ್ತರು, ವಿಚಾರಣಾ ಆಯೋಗವು ಆರೋಗ್ಯಾಧಿಕಾರಿಗಳಿಂದ ಗಂಭೀರ ತಪ್ಪುಗಳಾಗಿವೆ ಎಂದು ಹೇಳಿತು. ಇನ್ನು ವೆಸ್ಟರ್‌ಡ್ಯಾಮ್ ಎಂಬ ಹಡಗಿನಲ್ಲಿ ಸೋಂಕಿತರೇ ಇರಲಿಲ್ಲ. ಆದರೂ ಜಪಾನ್, ಥಾಯ್ಲೆಂಡ್ ಸೇರಿದಂತೆ ಒಂದಾದ ಮೇಲೊಂದು ಕಡೆ ಪ್ರವೇಶ ನಿರಾಕರಿಸಿದ್ದರಿಂದ ಅದು ಸಮುದ್ರದಲ್ಲಿ ಅಲೆದಾಡಿ, ಕೊನೆಗೆ ಕಾಂಬೋಡಿಯಾದ ಸಿಹಾನೂಕ್‌ವಿಲ್ ಬಂದರಿನಲ್ಲಿ ಆಶ್ರಯ ಪಡೆಯಿತು. ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹಡಗಿನಲ್ಲಿ ರೋಗ ಕಾಣಿಸಿಕೊಂಡ ಮೇಲೆ ಮುಂದಿನ ನಿರ್ಧಾರ ಕ್ಯಾಪ್ಟನ್ ಕೈಯಲ್ಲೂ ಕಂಪನಿಯ ಕೈಯಲ್ಲೂ ಪೂರ್ತಿಯಾಗಿ ಇರುವುದಿಲ್ಲ, ಎದುರಿಗಿರುವ ಬಂದರಿನ ಆಡಳಿತ ಏನು ಹೇಳುತ್ತದೆಯೋ ಅದೇ ಆಗುತ್ತದೆ.

ಇದು ಹೊರದೇಶದ ಮಾತು ಎಂದು ಬಿಡುವಂತೆಯೂ ಇಲ್ಲ. 2022ರ ಜನವರಿ ಮೊದಲ ವಾರದಲ್ಲಿ ಮುಂಬೈನಿಂದ ಗೋವಾಕ್ಕೆ ಸುಮಾರು 2,000 ಜನರನ್ನು ಕರೆದೊಯ್ದ ಕಾರ್ಡೇಲಿಯಾ ಹಡಗಿನಲ್ಲಿ 66 ಜನರಿಗೆ ಕೋವಿಡ್ ದೃಢಪಟ್ಟು, ಗೋವಾದ ಮರ್ಮಗೋವಾ ಬಂದರಿನಿಂದ ಹಡಗನ್ನು ಮುಂಬೈಗೇ ಮರಳಿಸಬೇಕಾಯಿತು. ನಾವು ಹೋದದ್ದೂ ಅದೇ ಸಮುದ್ರಮಾರ್ಗದಲ್ಲಿ ಎಂಬ ಕಾರಣಕ್ಕೆ ನಾನು ಈ ಘಟನೆಯನ್ನು ಗಂಭೀರವಾಗಿ ಪರಿಗಣಿಸಿದೆ.

ಹೀಗಾಗಿ ಟಿಕೆಟ್ ಕಾಯ್ದಿರಿಸುವಾಗ ಏಜೆಂಟರ ಮುಂದೆ ನಾನು ಮೊದಲು ಇಟ್ಟದ್ದು ಹಣ ಹಿಂದಿರುಗಿಸುವ ನಿಯಮದ ಪ್ರಶ್ನೆ. ಹೊರಡುವ ಹಿಂದಿನ ದಿನ ಮನೆಯಲ್ಲೊಬ್ಬರಿಗೆ ಜ್ವರ ಬಂದರೆ ದಿನಾಂಕ ಬದಲಿಸಿ ಕೊಡುತ್ತೀರಾ, ಒಬ್ಬರದು ಮಾತ್ರವೋ ಇಡೀ ಕುಟುಂಬದ್ದೋ, ಹಣವಾಗಿ ಕೊಡುತ್ತೀರೋ ಮುಂದಿನ ಪ್ರವಾಸಕ್ಕೆ ಜಮೆ ಮಾಡಿಕೊಳ್ಳುತ್ತೀರೋ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡೆ. ಇದು ಕೇವಲ ದುಡ್ಡಿನ ಲೆಕ್ಕವಲ್ಲ. ಮುಂಬೈ ಟರ್ಮಿನಲ್‌ನ ಸಾಲಿನಲ್ಲಿ ನಮ್ಮ ಮುಂದಿದ್ದ ಒಬ್ಬರು, ಆರೋಗ್ಯದ ಅರ್ಜಿ ತುಂಬುತ್ತಿದ್ದ ಹೆಂಡತಿಗೆ, ಮಗುವಿನ ಕೆಮ್ಮಿನ ವಿಷಯ ಬರೆಯಬೇಡ, ವಾಪಸ್ ಕಳಿಸಿಬಿಡುತ್ತಾರೆ ಎಂದು ಪಿಸುಗುಟ್ಟಿದರು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಲಕ್ಷದ ಹತ್ತಿರದ ಹಣ ಕಟ್ಟಿ, ಊರಿಂದ ಅಷ್ಟು ದೂರ ಬಂದವರು ಒಂದು ಕೆಮ್ಮಿಗಾಗಿ ಎಲ್ಲವನ್ನೂ ಕಳೆದುಕೊಳ್ಳಬೇಕೆಂದರೆ ಬಹಳಷ್ಟು ಜನ ಮುಚ್ಚಿಡುತ್ತಾರೆ. ಹಣ ಮುಳುಗುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಜನ ಅರ್ಜಿಯಲ್ಲಿ ನಿಜ ಬರೆಯುತ್ತಾರೆ. ಆದ್ದರಿಂದ ಸಡಿಲವಾದ ರದ್ದತಿ ನಿಯಮವಿರುವ ಹಡಗು ಆರೋಗ್ಯದ ದೃಷ್ಟಿಯಿಂದಲೂ ಉತ್ತಮ ಹಡಗು ಎಂದೇ ನಾನು ತಿಳಿಯುತ್ತೇನೆ.

ಜಮೆಯ ವಿಷಯದಲ್ಲಿ ಒಂದು ಎಚ್ಚರಿಕೆ ಇರಲಿ. 2020ರಲ್ಲಿ ಪ್ರವಾಸಗಳು ರದ್ದಾದಾಗ ಹಲವು ಕಂಪನಿಗಳು ನಗದಿನ ಬದಲು, ಕಟ್ಟಿದ್ದಕ್ಕಿಂತ ಹೆಚ್ಚಿನ ಮೊತ್ತವನ್ನು ಮುಂದಿನ ಪ್ರವಾಸಕ್ಕೆ ಜಮೆಯಾಗಿ ಕೊಡುತ್ತೇವೆ ಎಂದವು, ಲಕ್ಷಾಂತರ ಪ್ರಯಾಣಿಕರು ಒಪ್ಪಿಕೊಂಡರು. ದೊಡ್ಡ ಕಂಪನಿಗಳು ಉಳಿದುಕೊಂಡವು, ಆದರೆ ಎಲ್ಲವೂ ಉಳಿಯಲಿಲ್ಲ. ನಮ್ಮ ದೇಶದ್ದೇ ಆದ ಜಲೇಶ್ ಕ್ರೂಸಸ್ 2019ರಲ್ಲಿ ಆರಂಭವಾಗಿ, ಮರುವರ್ಷವೇ ಬಾಗಿಲು ಮುಚ್ಚಿತು. ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಸಾಧ್ಯವಿದ್ದಲ್ಲಿ ನಗದನ್ನೇ ಕೇಳಿ.

ಪ್ರಯಾಣದ ವಿವರ ಹೆಚ್ಚೇನಿಲ್ಲ. ದಾದರ್‌ಗೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ ವಾರದ ಕೆಲವು ದಿನ ದಾವಣಗೆರೆಯಲ್ಲಿ ನಿಲ್ಲುತ್ತದೆ. ಚಿತ್ರದುರ್ಗದವರು ದಾವಣಗೆರೆಗೆ ಬಂದು ಹತ್ತುವುದು ಸುಲಭ. ಸ್ಲೀಪರ್ ಬಸ್ಸಾದರೆ ರಾಷ್ಟ್ರೀಯ ಹೆದ್ದಾರಿ 48 ಎರಡೂ ಊರುಗಳ ಮೇಲೆಯೇ ಹಾದು ಮುಂಬೈ ಕಡೆಗೆ ಹೋಗುತ್ತದೆ. ದಾದರ್‌ನಿಂದ ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ಹೋದರೆ, ಅಲ್ಲಿಂದ ಬಲ್ಲಾರ್ಡ್ ಪಿಯರ್ ಹತ್ತಿರದ ಹಡಗುಕಟ್ಟೆಗೆ ಟ್ಯಾಕ್ಸಿ ಸಿಗುತ್ತದೆ. ಹೋಗುವಾಗ ರೈಲಿನಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಳ್ಳಿ ಎಂದು ನಾನು ಹಟ ಹಿಡಿದೆ. ಹಡಗಿನಲ್ಲಿ ಹರಡುವ ಸೋಂಕನ್ನು ಹೊತ್ತು ತರುವವರು ಬಹುಮಟ್ಟಿಗೆ ಪ್ರಯಾಣಿಕರೇ ಆಗಿರುತ್ತಾರೆ, ಅದು ತಗುಲುವುದು ಇಂತಹ ದಾರಿಯಲ್ಲಿಯೇ. ಅತ್ತೆಯವರು ಕಟ್ಟಿಕೊಂಡಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿಯನ್ನು ರೈಲಿನಲ್ಲಿಯೇ ಖಾಲಿ ಮಾಡಿದೆವು. ಮನೆಯಲ್ಲಿ ಮಾಡಿದ ತಿಂಡಿಯನ್ನು ನಮ್ಮ ಹಡಗಿನವರು ಒಳಗೆ ಬಿಡುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

ಹಡಗಿನೊಳಗೆ ಕಾಲಿಟ್ಟ ಮೇಲೆ ಗಮನಿಸಬೇಕಾದದ್ದು ಊಟದ ಸಭಾಂಗಣದ ಬಾಗಿಲು. ನಮ್ಮ ಹಡಗಿನಲ್ಲಿ ಬಫೆಯ ಬಾಗಿಲಲ್ಲೇ ನಲ್ಲಿಗಳ ಸಾಲಿದ್ದು, ಕೈತೊಳೆಯದೆ ನುಗ್ಗುವವರನ್ನು ಸಿಬ್ಬಂದಿಯೊಬ್ಬರು ನಗುನಗುತ್ತಲೇ ತಡೆಯುತ್ತಿದ್ದರು. ಸ್ಯಾನಿಟೈಸರ್ ಹಾಕಿಕೊಂಡಿದ್ದೇನೆ ಎಂದವರಿಗೂ ಸೋಪು ತೋರಿಸುತ್ತಿದ್ದರು, ಅದು ಸರಿಯೇ. ಹಡಗುಗಳಲ್ಲಿ ವಾಂತಿ-ಭೇದಿ ಹಬ್ಬಿಸುವುದರಲ್ಲಿ ಮುಂದಿರುವ ನೊರೊವೈರಸ್ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 1975ರಿಂದಲೇ ತನ್ನ ದೇಶದ ಬಂದರುಗಳಿಗೆ ಬರುವ ಕ್ರೂಸ್ ಹಡಗುಗಳ ನೈರ್ಮಲ್ಯವನ್ನು ಪರೀಕ್ಷಿಸಿ ನೂರಕ್ಕೆ ಅಂಕ ಕೊಡುತ್ತಿದ್ದು, 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣವೆಂದೇ ಲೆಕ್ಕ. ವಿದೇಶಿ ಕ್ರೂಸ್ ಹತ್ತುವ ಯೋಚನೆ ಇರುವವರು ಆ ಅಂಕಗಳನ್ನು ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ರೋಗ ಬಂದಾಗ ಹಡಗಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ನೋಡುವ ಸಂದರ್ಭವೂ ಒದಗಿತು. ಲಕ್ಷದ್ವೀಪದ ಕಡೆ ಹೊರಟ ಸಂಜೆ ನಮ್ಮ ಓಣಿಯಲ್ಲೇ, ನಾಲ್ಕಾರು ಬಾಗಿಲು ಆಚೆ, ಒಂದು ಮಗು ಕಾರ್ಪೆಟ್ ಮೇಲೆ ವಾಂತಿ ಮಾಡಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಕೈಗವಸು, ಮಾಸ್ಕ್, ಪ್ಲಾಸ್ಟಿಕ್ ನಿಲುವಂಗಿ ತೊಟ್ಟ ಇಬ್ಬರು ಬಂದು ಓಣಿಯ ಎರಡೂ ತುದಿಗೆ ಹಳದಿ ಫಲಕ ಇಟ್ಟು, ಹೀರುವ ಪುಡಿ ಚೆಲ್ಲಿ, ಅದನ್ನು ಗೋರಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಆಮೇಲೆ ಔಷಧ ಸಿಂಪಡಿಸಿ, ಗೋಡೆಗುಂಟ ಇದ್ದ ಹಿಡಿಗಂಬಿಯನ್ನು ಓಣಿಯ ಉದ್ದಕ್ಕೂ ಒರೆಸಿದರು. ಆ ಕುಟುಂಬಕ್ಕೆ ಲಕ್ಷಣ ನಿಂತ ಮೇಲೂ ಒಂದು ದಿನ ಕೋಣೆಯಲ್ಲೇ ಇರುವಂತೆ ಹೇಳಿ, ಊಟವನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಬರೀ ಸಮುದ್ರದ ಓಲಾಟಕ್ಕೆ ಬಂದ ವಾಂತಿಗೆ ಇಷ್ಟೆಲ್ಲ ಬೇಕೇ ಎಂದು ಪಕ್ಕದ ಕೋಣೆಯವರು ಗೊಣಗಿದರು. ಕಾರಣ ಗೊತ್ತಾಗುವ ತನಕ ಅಂಟುರೋಗವೆಂದೇ ನೋಡುವುದೇ ಇಲ್ಲಿ ಕ್ಷೇಮ ಎಂದು ನನಗನಿಸಿತು.

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗ ಕನ್ನಡದವನೇ ಎಂದು ತಿಳಿದದ್ದು ಅತ್ತೆಯವರಿಂದ. "ಯಾವೂರಪ್ಪ ನಿಂದು?" ಎಂದು ಅವರು ಕೇಳಿದ್ದೇ ತಡ, "ಕುಂದಾಪುರದ ಹತ್ತಿರ, ಅಮ್ಮ" ಎಂದ. 2020ರಲ್ಲಿ ಬೇರೊಂದು ಹಡಗಿನಲ್ಲಿದ್ದ ಅವನು, ಪ್ರಯಾಣಿಕರೆಲ್ಲ ಇಳಿದುಹೋದ ಮೇಲೂ ತಿಂಗಳುಗಟ್ಟಲೆ ನೀರಿನ ಮೇಲೆಯೇ ಉಳಿದಿದ್ದನಂತೆ. ಬಂದರುಗಳು ಬಾಗಿಲು ಹಾಕಿದ್ದವು, ಮನೆಗೆ ಹೋಗಲು ವಿಮಾನವಿರಲಿಲ್ಲ, ಸಂಬಳವೂ ನಿಂತಿತ್ತು. ಆ ವರ್ಷ ಸರಕು ಹಡಗು, ಕ್ರೂಸ್ ಎಲ್ಲ ಸೇರಿ ಸುಮಾರು 4 ಲಕ್ಷ ನಾವಿಕರು ಹೀಗೆ ಅವಧಿ ಮುಗಿದರೂ ಹಡಗಿನಲ್ಲೇ ಸಿಲುಕಿದ್ದರೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಹೇಳಿತ್ತು. ಸಾಂಕ್ರಾಮಿಕದ ಕಥೆಗಳಲ್ಲಿ ಪ್ರಯಾಣಿಕರ ಸಂಕಟ ಕೇಳಿಬಂದಷ್ಟು ಇವರದು ಕೇಳಿಬರಲಿಲ್ಲ. ಜ್ವರವಿದ್ದೂ ಹೇಳದೆ ತಿರುಗಾಡುವ ಪ್ರಯಾಣಿಕ ಮೊದಲು ಅಪಾಯಕ್ಕೆ ತಳ್ಳುವುದು ತನ್ನ ಹಾಸಿಗೆ ಹಾಸಿ ತಟ್ಟೆ ಎತ್ತುವ ಈ ಹುಡುಗರನ್ನೇ.

ಉದ್ಯಮದ ಮಟ್ಟಿಗೆ ಹೇಳುವುದಾದರೆ, 2020ರ ಮಾರ್ಚ್ ಮಧ್ಯದಲ್ಲಿ ಪ್ರಪಂಚದ ದೊಡ್ಡ ಕಂಪನಿಗಳೆಲ್ಲ ಸಂಚಾರ ನಿಲ್ಲಿಸಿದವು. ಅಮೆರಿಕದ ಬಂದರುಗಳಿಂದ ಪ್ರಯಾಣಿಕರನ್ನು ಹೊತ್ತ ದೊಡ್ಡ ಹಡಗು ಮತ್ತೆ ಹೊರಟದ್ದು 2021ರ ಜೂನ್‌ನಲ್ಲಿ. ಆ ನಡುವೆ ಹತ್ತುವ ಮುನ್ನ ತಪಾಸಣೆ, ಲಸಿಕೆ, ಸೋಂಕಿತರಿಗಾಗಿ ಮೀಸಲಿಟ್ಟ ಕೋಣೆಗಳು, ಹೊರಗಿನ ಗಾಳಿ ಹೆಚ್ಚು ಬರುವ ವ್ಯವಸ್ಥೆ ಮುಂತಾದವು ರೂಪುಗೊಂಡವು. 2019ರಲ್ಲಿ ಸುಮಾರು 2.97 ಕೋಟಿ ಇದ್ದ ಪ್ರಯಾಣಿಕರ ಸಂಖ್ಯೆ 2023ರಲ್ಲಿ 3.17 ಕೋಟಿಗೆ ಏರಿದೆ, ಅಂದರೆ ಜನರ ಭಯ ಹೋಗಿದೆ. ಜೊತೆಗೆ ಕಡ್ಡಾಯ ತಪಾಸಣೆಯಂತಹ ಹಲವು ಕಟ್ಟುನಿಟ್ಟುಗಳೂ ಹೋಗಿವೆ. ಅದಕ್ಕಾಗಿಯೇ ಮೀಸಲು ಕೋಣೆಗಳು ಈಗಲೂ ಇವೆಯೇ ಎಂದು ನೇರವಾಗಿ ಕೇಳಿ.

ಕೋಣೆಯ ಆಯ್ಕೆಯಲ್ಲಿ, ಹಣ ಹೊಂದುವುದಾದರೆ, ವಯಸ್ಸಾದವರಿಗೆ ಕಿಟಕಿ ಅಥವಾ ಬಾಲ್ಕನಿ ಇರುವುದನ್ನೇ ತೆಗೆದುಕೊಳ್ಳಿ. ಡೈಮಂಡ್ ಪ್ರಿನ್ಸೆಸ್‌ನಲ್ಲಿ ಕಿಟಕಿಯಿಲ್ಲದ ಒಳಕೋಣೆಗಳಲ್ಲಿದ್ದವರು ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್‌ಗೆ ಬಂದು ಗಾಳಿ ಕುಡಿಯಬೇಕಿತ್ತು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪ್ರವಾಸದ ದಿನಗಳ ಎರಡರಷ್ಟಕ್ಕೆ ಆಗುವಂತೆ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಹಡಗಿನಲ್ಲಿ ವೈದ್ಯರಿದ್ದರೂ ಅಲ್ಲಿನ ಚಿಕಿತ್ಸೆಯ ವೆಚ್ಚ ನಿಮ್ಮ ಕೋಣೆಯ ಲೆಕ್ಕಕ್ಕೆ ಸೇರುತ್ತದೆ. ಆಸ್ಪತ್ರೆಗೆ ದಾಖಲಾದಾಗ ಮಾತ್ರ ಹಣ ಕೊಡುವ ಮಾಮೂಲಿ ಆರೋಗ್ಯ ವಿಮೆಯನ್ನು ನಂಬಿ ಕೂರದೆ, ಹಡಗಿನ ಚಿಕಿತ್ಸೆ ಮತ್ತು ಪ್ರತ್ಯೇಕವಾಸದ ಖರ್ಚು ಎರಡೂ ಸೇರಿರುವ ಪ್ರವಾಸ ವಿಮೆಯನ್ನು ಕೇಳಿ ಪಡೆಯಿರಿ. ಲಕ್ಷದ್ವೀಪದ ದ್ವೀಪಗಳಲ್ಲಿ ದೊಡ್ಡ ಆಸ್ಪತ್ರೆಗಳಿಲ್ಲ, ಗಂಭೀರ ರೋಗಿಗಳನ್ನು ಕೊಚ್ಚಿಗೇ ಸಾಗಿಸಬೇಕು. ಹೃದಯದ ತೊಂದರೆ ಇರುವವರು ಆ ಮಾರ್ಗದ ಬದಲು ಗೋವಾದವರೆಗಿನ ಚಿಕ್ಕ ಪ್ರವಾಸವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಹಡಗು ಮುಂಬೈಗೆ ಬೆಳಿಗ್ಗೆಯೇ ಬಂದರೂ ಇಳಿಯುವುದು ತಡವಾಗುತ್ತದೆ. ಯಾರಿಗಾದರೂ ಅನಾರೋಗ್ಯವಿದ್ದರೆ ಇನ್ನೂ ತಡ. ಆದ್ದರಿಂದ ಊರಿಗೆ ಮರಳುವ ರೈಲನ್ನು ಅದೇ ದಿನಕ್ಕೆ ಕಾಯ್ದಿರಿಸದೆ ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಮಾವನವರಿಗೆ ಗಂಟಲು ಕೆರೆತ ಕಾಣಿಸಿಕೊಂಡಾಗ ನಾವು ವೈದ್ಯರ ಮುಂದೆ ಮೊದಲು ಹೇಳಿದ್ದು ಹಡಗಿನಿಂದ ಬಂದಿದ್ದೇವೆ ಎಂಬುದನ್ನು. ಅವರು ತಪಾಸಣೆ ಮಾಡಿಸಿ, ಸಾಮಾನ್ಯ ನೆಗಡಿ ಎಂದು ತಿಳಿದ ಮೇಲೆಯೇ ಮದುವೆ ಮನೆಗೆ ಹೋಗಲು ಒಪ್ಪಿಗೆ ಕೊಟ್ಟರು.