ಆಫಲಿ ಮತ್ತೆ ಮೇಲೆ ಬಂದ ಬೇಸಿಗೆ

ಐರ್ಲೆಂಡಿನಲ್ಲಿ ಹರ್ಲಿಂಗ್ ನೋಡಬೇಕು ಅಂದರೆ ಎಲ್ಲರೂ ಕೈ ತೋರಿಸುವುದು ಕಿಲ್ಕೆನಿ, ಟಿಪರೇರಿ, ಕಾರ್ಕ್, ಲಿಮರಿಕ್ ಕಡೆಗೆ. ನನ್ನ ಮನಸ್ಸು ಎಳೆದದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಜೋ ಮೆಕ್‌ಡೊನಾ ಕಪ್‌ನ ಕಡೆಗೆ. 2024ರಲ್ಲಿ ಆ ಮೆಟ್ಟಿಲ ಮೇಲಿದ್ದ ಆರು ಕೌಂಟಿಗಳು ಆಫಲಿ, ಲೀಶ್, ವೆಸ್ಟ್‌ಮೀತ್, ಕೆರಿ, ಡೌನ್ ಮತ್ತು ಮೀತ್. ಪ್ರತಿ ತಂಡಕ್ಕೂ ಐದು ಪಂದ್ಯ. ಮೊದಲೆರಡು ಸ್ಥಾನದವರಿಗೆ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್. ಗೆದ್ದವರು ಮುಂದಿನ ವರ್ಷ ದೊಡ್ಡವರ ಸಾಲಿಗೆ, ಕೊನೆಯವರು ಮೂರನೇ ಹಂತದ ಕ್ರಿಸ್ಟಿ ರಿಂಗ್ ಕಪ್‌ಗೆ. ಏಪ್ರಿಲ್‌ನಿಂದ ಜೂನ್‌ವರೆಗೆ ಬಿಡುವಾದ ವಾರಾಂತ್ಯಗಳಲ್ಲಿ ಡಬ್ಲಿನ್ನಿನಿಂದ ಹೊರಟು ಈ ಊರುಗಳನ್ನು ಸುತ್ತಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹದಿನೈದು ಜನ, ಕೈಯಲ್ಲಿ ಹರ್ಲಿ ಎಂಬ ಆ್ಯಶ್ ಮರದ, ತುದಿ ಅಗಲವಾದ ಕೋಲು. ಸ್ಲಿಟರ್ ಎಂಬ ಚರ್ಮದ ಚೆಂಡು ಗಾತ್ರದಲ್ಲಿ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟಿದ್ದರೂ ತೂಕದಲ್ಲಿ ಹಗುರ. ಬಲೆಯೊಳಗೆ ಹೋದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಅಡ್ಡಪಟ್ಟಿಯ ಮೇಲಿನಿಂದ ಕಂಬಗಳ ನಡುವೆ ಹೋದರೆ ಒಂದು. ಎಪ್ಪತ್ತು ನಿಮಿಷದ ಆಟ. ಇಷ್ಟು ಆಡುವವರಲ್ಲಿ ಯಾರಿಗೂ ಸಂಬಳವಿಲ್ಲ. ಭಾನುವಾರ ಕೌಂಟಿಯ ಅಂಗಿ ತೊಟ್ಟವರು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾರೆ, ಇಲ್ಲವೇ ಹೊಲದಲ್ಲಿರುತ್ತಾರೆ.

ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ಆಫಲಿಯ ಟಲಮೋರ್‌ಗೆ ರೈಲಿನಲ್ಲಿ ಸುಮಾರು ಒಂದು ತಾಸು. ಅಲ್ಲಿಂದ ಬಸ್ಸು ಹಿಡಿದು ನೈಋತ್ಯಕ್ಕೆ ಹೋದರೆ ಬರ್ ಎಂಬ ಪುಟ್ಟ ಪಟ್ಟಣ. ಪ್ರವಾಸಿಗರು ಬರುವುದು ಅಲ್ಲಿನ ಕೋಟೆಯ ತೋಟದಲ್ಲಿರುವ ಭಾರೀ ದೂರದರ್ಶಕ ನೋಡಲು. 1840ರ ದಶಕದಲ್ಲಿ ರಾಸ್ ಪ್ರಭು ಕಟ್ಟಿಸಿದ ಅದು ಮುಂದೆ ಎಷ್ಟೋ ದಶಕ ಜಗತ್ತಿನಲ್ಲೇ ದೊಡ್ಡದಾಗಿತ್ತು. ನಾನು ಬಂದದ್ದು ಬೇರೆ ಕಾರಣಕ್ಕೆ. 1888ರ ಏಪ್ರಿಲ್ 1ರಂದು ಮೊಟ್ಟಮೊದಲ ಅಖಿಲ ಐರ್ಲೆಂಡ್ ಹರ್ಲಿಂಗ್ ಫೈನಲ್ ನಡೆದದ್ದು ಈ ಊರಿನಲ್ಲಿ. ಟಿಪರೇರಿಯ ಪರವಾಗಿ ಥರ್ಲಸ್, ಗಾಲ್ವೇಯ ಪರವಾಗಿ ಮೀಲಿಕ್ ಆಡಿ, ಟಿಪರೇರಿ ಗೆದ್ದಿತ್ತು. 2000ದಲ್ಲಿ ಘೋಷಿಸಿದ ಸಹಸ್ರಮಾನದ ಶ್ರೇಷ್ಠ ತಂಡದಲ್ಲಿ ಸ್ಥಾನ ಪಡೆದ ಬ್ರಯನ್ ವೀಲಹನ್ ಕೂಡ ಇದೇ ಬರ್‌ನವರು.

ಆಫಲಿಯ ಕಥೆ ಕೇಳಿದರೆ ಎರಡನೇ ಹಂತ ಎಂದರೇನೆಂದು ಅರ್ಥವಾಗುತ್ತದೆ. 2022ರ ಜನಗಣತಿಯಂತೆ ಇಡೀ ಕೌಂಟಿಯ ಜನಸಂಖ್ಯೆ 83 ಸಾವಿರ, ಕ್ರೋಕ್ ಪಾರ್ಕ್‌ನಲ್ಲಿ ಹಿಡಿಸುವ ಜನ 82 ಸಾವಿರ. ಇಷ್ಟು ಸಣ್ಣ ಕೌಂಟಿ 1981, 1985, 1994, 1998ರಲ್ಲಿ ಐರ್ಲೆಂಡಿನ ಚಾಂಪಿಯನ್ ಆಗಿತ್ತು. 1994ರ ಫೈನಲ್‌ನಲ್ಲಿ ಕೊನೆಯ ಐದೇ ನಿಮಿಷದಲ್ಲಿ ಎರಡು ಗೋಲು, ಐದು ಪಾಯಿಂಟ್ ಬಾರಿಸಿ ಲಿಮರಿಕ್ ಕೈಯಿಂದ ಕಪ್ ಕಸಿದುಕೊಂಡಿತು. 1998ರದ್ದು ಇನ್ನೂ ದೊಡ್ಡ ಕಥೆ. ಕ್ಲೇರ್ ವಿರುದ್ಧದ ಸೆಮಿಫೈನಲ್ ಮರುಪಂದ್ಯವನ್ನು ರೆಫರಿ ಸುಮಾರು ಎರಡು ನಿಮಿಷ ಮೊದಲೇ ಮುಗಿಸಿಬಿಟ್ಟರು. ಮುಂದಿದ್ದದ್ದು ಕ್ಲೇರ್. ಆಫಲಿಯ ಜನ ಕ್ರೋಕ್ ಪಾರ್ಕ್‌ನ ಹುಲ್ಲಿನ ಮೇಲೆ ಇಳಿದು ಕೂತರು, ಏಳಲಿಲ್ಲ. ಪಂದ್ಯವನ್ನು ಥರ್ಲಸ್‌ನಲ್ಲಿ ಮತ್ತೆ ಆಡಿಸಬೇಕಾಯಿತು. ಆಫಲಿ ಅದನ್ನು ಗೆದ್ದು, ಫೈನಲ್‌ನಲ್ಲಿ ಕಿಲ್ಕೆನಿಯನ್ನೂ ಸೋಲಿಸಿತು. ಬರ್‌ನ ಪಬ್ಬೊಂದರಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಆ ದಿನ ತಾವು ಕೂತ ಜಾಗ ಯಾವುದೆಂದು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು: ಇದು ಹೋಗನ್ ಸ್ಟ್ಯಾಂಡ್, ಇದು ಹಿಲ್ 16, ಇಲ್ಲಿ ನಾನು, ಇಲ್ಲಿ ನನ್ನ ತಮ್ಮ.

ಅಂಥ ತಂಡ 2018ರಲ್ಲಿ ಮೇಲಿನ ಹಂತದಿಂದ ಬಿತ್ತು. 2019ರಲ್ಲಿ ಇನ್ನೊಂದು ಮೆಟ್ಟಿಲು ಜಾರಿ ಮೂರನೇ ಹಂತಕ್ಕೆ ಹೋಯಿತು. 2021ರಲ್ಲಿ ಕ್ರಿಸ್ಟಿ ರಿಂಗ್ ಕಪ್ ಗೆದ್ದು ಒಂದು ಮೆಟ್ಟಿಲು ಹತ್ತಿತು. 2023ರ ಮೆಕ್‌ಡೊನಾ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಆಟದ ನಂತರ ಕಾರ್ಲೋಗೆ ಒಂದೇ ಪಾಯಿಂಟ್‌ನಿಂದ ಸೋತಿತು.

ಉಳಿದ ಕೌಂಟಿಗಳ ನೋವು ಬೇರೆ ಬೇರೆ. ಕೆರಿ ಎಂದರೆ ಫುಟ್‌ಬಾಲ್, ಐರ್ಲೆಂಡಿನದೇ ಆದ ಗೇಲಿಕ್ ಫುಟ್‌ಬಾಲ್‌ನಲ್ಲಿ ಅವರಷ್ಟು ಗೆದ್ದವರು ಯಾರೂ ಇಲ್ಲ. ಆದರೆ ಟ್ರಲೀಯಿಂದ ಉತ್ತರಕ್ಕೆ, ಬ್ಯಾಲಿಡಫ್, ಕಾಸ್‌ವೇ, ಲಿಕ್ಸ್‌ನಾ ಕಡೆ ಹೋದರೆ ರಸ್ತೆ ಬದಿಯ ಮಕ್ಕಳ ಕೈಯಲ್ಲಿ ಹರ್ಲಿ ಕಾಣುತ್ತದೆ. ಈ ಸಣ್ಣ ಪಟ್ಟಿಯ ಊರುಗಳೇ ಕೌಂಟಿಯ ತಂಡವನ್ನು ಹೊತ್ತು ನಿಂತಿವೆ. 2020, 2021, 2022 ಮೂರೂ ವರ್ಷ ಕೆರಿ ಫೈನಲ್ ತಲುಪಿ, ಮೂರೂ ಸಲ ಸೋತಿತು. 2022ರಲ್ಲಿ ಆಂಟ್ರಿಮ್ 5-22, ಕೆರಿ 4-24 (ಮೊದಲಿನದು ಗೋಲು, ಎರಡನೆಯದು ಪಾಯಿಂಟ್). ಕೂಡಿ ನೋಡಿ, ಅಂತರ ಒಂದೇ ಪಾಯಿಂಟ್.

ಡೌನ್ ಕೌಂಟಿ ಇರುವುದು ಉತ್ತರ ಐರ್ಲೆಂಡಿನಲ್ಲಿ. ಸ್ಟ್ರ್ಯಾಂಗ್‌ಫರ್ಡ್‌ನಲ್ಲಿ ಕಾರುಗಳ ಜೊತೆ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ ಪೋರ್ಟಫೆರಿ. ಕಡಲಕೊಲ್ಲಿಯ ನೀರು ಅಲ್ಲಿ ಎಷ್ಟು ರಭಸದಿಂದ ಹರಿಯುತ್ತದೆ ಎಂದರೆ ದೋಣಿ ನೇರ ಹೋಗದೆ ಓರೆಯಾಗಿ ಸಾಗುತ್ತದೆ. ಆ ಆರ್ಡ್ಸ್ ಪರ್ಯಾಯದ್ವೀಪದ ಪೋರ್ಟಫೆರಿ, ಬ್ಯಾಲಿಗಾಲ್‌ಗೆಟ್, ಬ್ಯಾಲಿಕ್ರ್ಯಾನ್ ಎಂಬ ಮೂರು ಕ್ಲಬ್ಬುಗಳೇ ಡೌನ್ ಹರ್ಲಿಂಗ್‌ನ ಬೆನ್ನೆಲುಬು. ವರ್ಷವಿಡೀ ಪರಸ್ಪರ ಎದುರಾಳಿಗಳಾದ ನೆರೆಯೂರಿನ ಹುಡುಗರು ಬೇಸಿಗೆಯಲ್ಲಿ ಒಂದೇ ಅಂಗಿ ತೊಡುತ್ತಾರೆ. ಇಂಥ ಪಟ್ಟಿಯ ಜನ ಇಡೀ ದೇಶದೆದುರು ನಿಲ್ಲಲು ಈ ಎರಡನೇ ಹಂತವಲ್ಲದೆ ಬೇರೆ ವೇದಿಕೆಯಿಲ್ಲ. ಇದನ್ನು ಕೆಳದರ್ಜೆ ಎನ್ನುವವರು ಒಮ್ಮೆ ಬ್ಯಾಲಿಕ್ರ್ಯಾನ್‌ನ ಮೈದಾನದ ಅಂಚಿಗೆ ಬಂದು ನಿಲ್ಲಲಿ.

ಲೀಶ್‌ನ ಹಳ್ಳಿಯೊಂದರಲ್ಲಿ ಹರ್ಲಿ ಮಾಡುವವರ ಕೊಟ್ಟಿಗೆಯಲ್ಲಿ ಒಂದು ಮಧ್ಯಾಹ್ನ ಕಳೆದೆ. ಮರದ ಕಾಂಡ ಬೇರಿಗೆ ತಿರುಗುವ ಬುಡಭಾಗವೇ ಬೇಕು. ಅಲ್ಲಿ ಮರದ ಎಳೆ ತಾನಾಗಿ ಬಾಗಿರುತ್ತದೆ, ಹರ್ಲಿಯ ಅಗಲ ತುದಿ ಆ ಬಾಗಿನಲ್ಲೇ ಬರಬೇಕು, ಇಲ್ಲದಿದ್ದರೆ ಎರಡು ಹೊಡೆತಕ್ಕೆ ಸೀಳುತ್ತದೆ. ಅವರು ಒರಟು ಹಲಗೆಯನ್ನು ಬೆಳಕಿಗೆ ಹಿಡಿದು ಎಳೆ ನೋಡಿದರು, ಕೀಸಿದರು, ನೆಲಕ್ಕೆ ತುದಿ ಒತ್ತಿ ಬಗ್ಗಿಸಿ ನೋಡಿದರು, ಮತ್ತೆ ಕೀಸಿದರು. ಕೊನೆಗೆ ತುದಿಗೆ ತಗಡಿನ ಪಟ್ಟಿ ಸುತ್ತಿ ಸಣ್ಣ ಮೊಳೆ ಬಡಿದರು. ಐರ್ಲೆಂಡಿನ ಆ್ಯಶ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿ ಕಾಡುಕಾಡೇ ಒಣಗುತ್ತಿದೆ. ಈಗ ಬಿದಿರಿನ ಹರ್ಲಿಗಳೂ ಬಂದಿವೆ. ಅವರ ಕೊಟ್ಟಿಗೆಯ ಗೋಡೆಗೆ ಎರಡೂ ಬಗೆಯವು ಒರಗಿದ್ದವು.

ಜೂನ್ 2ರಂದು ಕಿಲ್ಕೆನಿಯಲ್ಲಿ ಆಫಲಿಯ ಇಪ್ಪತ್ತರೊಳಗಿನವರ ತಂಡ ಟಿಪರೇರಿಯನ್ನು ಸೋಲಿಸಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿತು. ಅದನ್ನು ನೋಡಲು 25 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆರು ದಿನದ ನಂತರ, ಜೂನ್ 8ರ ಶನಿವಾರ, ಹಿರಿಯರ ಮೆಕ್‌ಡೊನಾ ಫೈನಲ್: ಆಫಲಿ ಮತ್ತು ಲೀಶ್, ಗಡಿ ಹಂಚಿಕೊಂಡ ನೆರೆಹೊರೆಯವರು. ಲೀಶ್ ತನ್ನ ಏಕೈಕ ಅಖಿಲ ಐರ್ಲೆಂಡ್ ಗೆದ್ದದ್ದು 1915ರಲ್ಲಿ. 2019ರಲ್ಲಿ ಈ ಕಪ್ ಗೆದ್ದ ಮರುವಾರವೇ ಪೋರ್ಟ್‌ಲೀಶ್‌ನಲ್ಲಿ ಡಬ್ಲಿನ್ನನ್ನು ಎರಡು ಪಾಯಿಂಟ್‌ನಿಂದ ಸೋಲಿಸಿ ದೇಶವನ್ನೇ ಬೆರಗುಗೊಳಿಸಿದವರೂ ಅವರೇ.

ಕ್ರೋಕ್ ಪಾರ್ಕ್ ಒಳಗೆ ಹೋದಾಗ ಮನಸ್ಸಿಗೆ ಕಸಿವಿಸಿಯಾಯಿತು. ಈ ಫೈನಲ್ ಇದ್ದದ್ದು ಡಬ್ಲಿನ್ ಮತ್ತು ಕಿಲ್ಕೆನಿಯ ನಡುವಿನ ಲೆನ್‌ಸ್ಟರ್ ಪ್ರಾಂತ್ಯದ ಫೈನಲ್‌ಗೆ ಮುಂಚಿನ ಪಂದ್ಯವಾಗಿ. ಎರಡು ಕೌಂಟಿಯ ಜನ ಒಂದೆಡೆ ಸೇರಿ ಕೂಗುತ್ತಿದ್ದರೂ ಸುತ್ತಲಿನ ಆಸನಗಳು ಬಹುಪಾಲು ಖಾಲಿ. ಟಲಮೋರ್‌ನಲ್ಲೋ ಪೋರ್ಟ್‌ಲೀಶ್‌ನಲ್ಲೋ ಆಗಿದ್ದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೂ ಕ್ರೋಕ್ ಪಾರ್ಕ್‌ನಲ್ಲಿ ಆಡುವ ಆಸೆ ಇಲ್ಲದ ಆಟಗಾರನಿಲ್ಲ ಎಂದು ಪಕ್ಕದಲ್ಲಿದ್ದ ಲೀಶ್‌ನ ಹೆಣ್ಣುಮಗಳೊಬ್ಬರು ಹೇಳಿದರು. ಹಾಗಿದ್ದರೆ ಈ ಕಪ್‌ಗೆ ಅದೇ ಮೈದಾನದಲ್ಲಿ ತನ್ನದೇ ಒಂದು ದಿನ ಕೊಡಲಿ ಎಂಬುದು ನನ್ನ ಬೇಡಿಕೆ.

ಆಫಲಿ 2-23, ಲೀಶ್ 2-20. ಅಂತರ ಒಂದು ಗೋಲಿನಷ್ಟು. ಹಸಿರು, ಬಿಳಿ, ಹೊನ್ನಿನ ಬಾವುಟಗಳು ಎದ್ದವು. ಕಪ್‌ಗೆ ಹೆಸರು ಕೊಟ್ಟ ಜೋ ಮೆಕ್‌ಡೊನಾ ಗಾಲ್ವೇಯ ಆಟಗಾರ, 1980ರಲ್ಲಿ ತಮ್ಮ ಕೌಂಟಿ ಗೆದ್ದ ದಿನ ಇದೇ ಮೈದಾನದ ಹೋಗನ್ ಸ್ಟ್ಯಾಂಡ್‌ನಲ್ಲಿ ನಿಂತು ಹಾಡಿದವರು, ಮುಂದೆ ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ನ ಅಧ್ಯಕ್ಷರೂ ಆಗಿದ್ದವರು, 2016ರಲ್ಲಿ ತೀರಿಕೊಂಡವರು. ಅವರ ಹೆಸರಿನ ಕಪ್ ಅಂದು ಟಲಮೋರ್‌ನ ದಾರಿ ಹಿಡಿಯಿತು.

ಮರುವಾರ ಟಲಮೋರ್‌ನಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿಯ ಪಂದ್ಯದಲ್ಲಿ ಕಾರ್ಕ್ ಎದುರು ಆಫಲಿ ಸೋತಿತು. ಆ ಕಾರ್ಕ್ ಮುಂದೆ ಫೈನಲ್‌ವರೆಗೆ ಹೋಗಿ ಕ್ಲೇರ್‌ಗೆ ಒಂದು ಪಾಯಿಂಟ್‌ನಿಂದ ಸೋತಿತು. 2025ರಲ್ಲಿ ಆಫಲಿ ಲೆನ್‌ಸ್ಟರ್‌ನ ದೊಡ್ಡವರ ನಡುವೆ ಆಡಿ, ಜಾರದೆ ಉಳಿದುಕೊಂಡಿತು. ಲೀಶ್ ಮತ್ತೆ ಮೆಕ್‌ಡೊನಾ ಫೈನಲ್‌ಗೆ ಬಂತು. ಆ ಸಲ ಗೆದ್ದವರು ಕಿಲ್ಡೇರ್, ಹಿಂದಿನ ವರ್ಷವಷ್ಟೇ ಕ್ರಿಸ್ಟಿ ರಿಂಗ್ ಕಪ್ ಗೆದ್ದು ಮೂರನೇ ಹಂತದಿಂದ ಬಂದವರು.