ಫೋನ್ ಬೇಡ, ಮೇಲ್ ಹಾಕಿ ಅನ್ನುವ ಗಿರಾಕಿಗಳು

ಬಳ್ಳಾರಿಯಲ್ಲಿದ್ದುಕೊಂಡು ಬೇರಿಂಗ್, ವಿ-ಬೆಲ್ಟ್, ಕನ್ವೇಯರ್ ಬೆಲ್ಟ್ ಮಾರುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಎರಡು ತರ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ ಮಾಲೀಕರು ಫೋನಿನಲ್ಲೇ ರೇಟ್ ಕೇಳಿ, ಅಲ್ಲೇ ಚೌಕಾಸಿ ಮಾಡಿ, "ಸಂಜೆ ಬಸ್ಸಿಗೆ ಹಾಕಿ ಕಳಿಸ್ರಿ" ಅಂದುಬಿಡುತ್ತಾರೆ. ಅವರಿಗೆ ಮೇಲ್ ಕಳಿಸಿದರೆ ತೆಗೆದು ನೋಡುವವರೇ ಇಲ್ಲ. ಇನ್ನೊಂದು ತರದವರು ಹಲಕುಂದಿ, ತೋರಣಗಲ್ಲು, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆಯುವ ಕಬ್ಬಿಣ) ಮತ್ತು ಸ್ಟೀಲ್ ಕಾರ್ಖಾನೆಗಳ ಪರ್ಚೇಸ್ ವಿಭಾಗದವರು. ಮೊದಲ ಭೇಟಿಯಲ್ಲೇ ಹೇಳುತ್ತಾರೆ: "ಫೋನ್ ಮಾಡಬೇಡಿ, ಮೇಲ್ ಹಾಕಿ."

ಸೇಲ್ಸ್‌ಗೆ ಹೊಸದಾಗಿ ಬಂದ ಹುಡುಗರಿಗೆ ಈ ಮಾತು "ನಿಮ್ಮ ಮಾಲು ಬೇಡ" ಅಂದ ಹಾಗೆ ಕೇಳಿಸುತ್ತದೆ. ಮುಖ ಸಣ್ಣದು ಮಾಡಿಕೊಂಡು ವಾಪಸ್ ಬರುತ್ತಾರೆ, ಇಲ್ಲಾಂದ್ರೆ ಹಟ ಹಿಡಿದು ದಿನಾ ಫೋನ್ ಹಚ್ಚುತ್ತಾರೆ. ಪರ್ಚೇಸ್‌ನವರ ಟೇಬಲ್ ಒಮ್ಮೆ ನೋಡಿ. ಮೂರು ಕಡೆಯಿಂದ ಕೋಟೇಷನ್ ತರಿಸಬೇಕು, ರೇಟುಗಳನ್ನು ಪಕ್ಕಪಕ್ಕ ಇಟ್ಟು ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಮಾಡಬೇಕು, ಮೇಲಿನವರ ಸಹಿ ಆಗಬೇಕು, ನಾಳೆ ಆಡಿಟ್‌ನವರು ಬಂದು "ಇವರಿಗೇ ಯಾಕೆ ಕೊಟ್ರಿ" ಅಂದರೆ ಕಾಗದ ತೋರಿಸಬೇಕು. ನಾನು ಫೋನಿನಲ್ಲಿ "ಇನ್ನೆರಡು ಪರ್ಸೆಂಟ್ ಬಿಡ್ತೀನಿ ಸರ್" ಅಂದರೆ ಆ ಮಾತನ್ನು ಅವರು ಫೈಲಿನಲ್ಲಿ ಎಲ್ಲಿ ಹಚ್ಚಬೇಕು?

ಇನ್ನೊಂದು ಕಾರಣ ಮಾಲಿನದೇ. 22220 ಅನ್ನುವ ಬೇರಿಂಗ್ ಇದೆ, 22320 ಅನ್ನುವುದೂ ಇದೆ. ಎರಡಕ್ಕೂ ಒಳಗಿನ ಬೋರ್, ಅಂದರೆ ಶಾಫ್ಟ್ ಹೋಗುವ ತೂತು, 100 ಮಿ.ಮೀ. ಆದರೆ ಹೊರಗಿನ ಅಳತೆ ಮೊದಲನೆಯದಕ್ಕೆ 180, ಎರಡನೆಯದಕ್ಕೆ 215. ಒಂದರ ಬದಲು ಇನ್ನೊಂದು ಹೋದರೆ ಶಾಫ್ಟಿಗೆ ಕೂರುತ್ತದೆ, ಬೇರಿಂಗ್ ಕೂರಿಸುವ ಹೌಸಿಂಗಿಗೆ ಕೂರುವುದಿಲ್ಲ. ಇದರ ಮೇಲೆ ನಂಬರಿನ ಹಿಂದೆ ಬರುವ ಅಕ್ಷರಗಳು. 'ಕೆ' ಇದ್ದರೆ ಟೇಪರ್ ಬೋರ್, ಅಂದರೆ ತೂತು ಒಂದು ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಸಾಮಾನ್ಯ ಶಾಫ್ಟ್ ಆದರೆ ಅದಕ್ಕೆ ನಡುವೆ ಕೂರುವ ಅಡಾಪ್ಟರ್ ಸ್ಲೀವ್ ಬೇರೆ ಬೇಕು. 'ಸಿ3' ಇದ್ದರೆ ಒಳಗಿನ ಕ್ಲಿಯರೆನ್ಸ್ (ಸಡಿಲ ಜಾಗ) ಜಾಸ್ತಿ, ಬಿಸಿ ಇರುವ ಕಡೆ ಅದೇ ಬೇಕು. ಆ ಕಡೆ ಕ್ರಷರ್ ಓಡುತ್ತಿರುತ್ತದೆ, ಈ ಕಡೆ ನಾನು ಹೈವೇ ಪಕ್ಕ ಬೈಕ್ ನಿಲ್ಲಿಸಿ ಅದಿರಿನ ಲಾರಿಗಳ ಸದ್ದಿನಲ್ಲಿ ಕಿವಿ ಮುಚ್ಚಿಕೊಂಡು ಮಾತಾಡುತ್ತಿರುತ್ತೇನೆ. ಇದರಲ್ಲಿ ಒಂದು ಅಂಕಿ, ಒಂದು ಅಕ್ಷರ ತಪ್ಪಿ ಕೇಳಿದರೂ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ನಿಲ್ಲಿಸಿ ಕೂತವರ ಗತಿ ಏನು? ಹಾಗಾಗಿ ಮೇಲ್ ಕೇಳುವವರ ಬಗ್ಗೆ ನನಗೆ ಗೌರವ ಜಾಸ್ತಿ. ಅವರಿಗೆ ತಮ್ಮ ಕೆಲಸ ಗೊತ್ತು.

ಈಗ ಫಾಲೋಅಪ್ ವಿಷಯ. ಇಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ಮನವರಿಕೆಯಾದದ್ದು ಏನೆಂದರೆ, ನಾವು ಯಾರ ಹೆಸರಿಗೆ ಮೇಲ್ ಹಾಕುತ್ತೇವೋ ಕೊನೆಗೆ ತೀರ್ಮಾನ ಮಾಡುವವರು ಅವರಲ್ಲ. ಅವರು ಅದನ್ನು ಮೆಂಟೆನೆನ್ಸ್‌ಗೆ ಫಾರ್ವರ್ಡ್ ಮಾಡುತ್ತಾರೆ, ಅಲ್ಲಿಂದ ಪ್ಲಾಂಟ್ ಹೆಡ್‌ಗೆ, ಕೆಲವು ಸಲ ಬೆಂಗಳೂರಿನ ಆಫೀಸಿಗೆ. ಆ ಮೇಲಿನವರು ನನ್ನ ಮುಖ ನೋಡಿಲ್ಲ, ಹಳೆಯ ಮಾತುಕತೆ ಅವರಿಗೆ ಗೊತ್ತಿಲ್ಲ, ಎಷ್ಟೋ ಕಡೆ ಕನ್ನಡವೂ ಬರುವುದಿಲ್ಲ. ಅವರ ಹತ್ತಿರ ನನ್ನ ಬದಲು ಆ ಇಮೇಲೇ ಮಾತಾಡಬೇಕು. "ಸರ್, ನನ್ನ ಹಿಂದಿನ ಮೇಲ್ ನೋಡಿದಿರಾ?" ಅಂತ ಒಂದೇ ಸಾಲು ಬರೆದರೆ ಫಾರ್ವರ್ಡ್ ಮಾಡಲು ಅದರಲ್ಲಿ ಏನಿದೆ? ಪರ್ಚೇಸ್‌ನವರು ಹಳೆಯ ಮೇಲ್ ಹುಡುಕಬೇಕು, ಕೋಟೇಷನ್ ತೆಗೆಯಬೇಕು, ತಾವೇ ನಾಲ್ಕು ಸಾಲು ಬರೆಯಬೇಕು. ನಮ್ಮ ಕೆಲಸವನ್ನು ಅವರ ತಲೆಗೆ ಕಟ್ಟಿದ ಹಾಗಾಯಿತು ಅಲ್ವಾ?

ನಾನು ಬರೆಯುವುದು ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಸಬ್ಜೆಕ್ಟ್ ಸಾಲಿನಲ್ಲಿ "ಫಾಲೋಅಪ್" ಅನ್ನುವ ಪದವೇ ಇರುವುದಿಲ್ಲ. ಅವರ ಎನ್‌ಕ್ವೈರಿ ನಂಬರ್, ಮಾಲಿನ ನಂಬರ್, ಎಷ್ಟು ನಗ, ರೇಟು ಎಂದಿನ ತನಕ, ಇಷ್ಟೇ. ಒಳಗೆ ಹೀಗೆ (ಐಡಿ ಫ್ಯಾನ್ ಅಂದರೆ ಕಿಲ್ನ್‌ನ ಹೊಗೆ ಎಳೆಯುವ ಫ್ಯಾನ್, ಪಿಒ ಅಂದರೆ ಪರ್ಚೇಸ್ ಆರ್ಡರ್): "ಸರ್, ನಿಮ್ಮ ಐಡಿ ಫ್ಯಾನ್‌ಗೆ ಕೇಳಿದ್ದ 22220 ಕೆ ಸಿ3, 4 ನಗ. ಮಾಲು ಬಳ್ಳಾರಿ ಗೋಡೌನಿನಲ್ಲೇ ಇದೆ, ಪಿಒ ಬಂದ ಮರುದಿನ ನಿಮ್ಮ ಸ್ಟೋರ್‌ಗೆ ಸೇರುತ್ತದೆ. ಸ್ಲೀವ್ ಈ ರೇಟಿನಲ್ಲಿ ಸೇರಿಲ್ಲ, ಬೇಕಾದರೆ ಎರಡನೇ ಸಾಲಿನಲ್ಲಿ ಬೇರೆ ಕೊಟ್ಟಿದ್ದೇನೆ. ಜಿಎಸ್‌ಟಿ 18% ಪ್ರತ್ಯೇಕ. ಈ ತಿಂಗಳ 30ರ ತನಕ ಇದೇ ರೇಟು." ಕೋಟೇಷನ್ ಮತ್ತೆ ಹಚ್ಚಿರುತ್ತೇನೆ, ಹಳೆಯ ಥ್ರೆಡ್‌ನಲ್ಲೇ ರಿಪ್ಲೈ ಒತ್ತಿ. ಕ್ಯಾಟಲಾಗ್ ಪೂರ್ತಿ ಹಚ್ಚುವುದಿಲ್ಲ, ಆ ಬೇರಿಂಗಿನ ಒಂದು ಪುಟ ಸಾಕು. ಕಂಪನಿ ಎಷ್ಟು ಹಳೆಯದು, ನಮ್ಮ ಸೇವೆ ಎಷ್ಟು ಒಳ್ಳೆಯದು ಅನ್ನುವ ಪ್ಯಾರಾ ಬೇಡವೇ ಬೇಡ.

ಕೇಳುವುದೂ ಒಂದೇ ಪ್ರಶ್ನೆ. "ನಿಮ್ಮ ಅಭಿಪ್ರಾಯ ತಿಳಿಸಿ" ಅಂದರೆ ಉತ್ತರ ಬರುವುದಿಲ್ಲ. "ಸ್ಲೀವ್ ನಿಮ್ಮ ಸ್ಟೋರ್‌ನಲ್ಲಿದೆಯಾ, ನಾವೇ ಕೊಡಬೇಕಾ?" ಅಂದರೆ ಒಂದೇ ಪದದಲ್ಲಾದರೂ ಬರುತ್ತದೆ.

ಯಾವಾಗ ಬರೆಯಬೇಕು ಅನ್ನುವುದು ನಮ್ಮ ಟಾರ್ಗೆಟ್ ನೋಡಿ ತೀರ್ಮಾನ ಮಾಡುವ ವಿಷಯ ಅಲ್ಲ. ತಿಂಗಳ ಕೊನೆಯ ವಾರ ಎಲ್ಲ ಸೇಲ್ಸ್‌ನವರೂ ಒಟ್ಟಿಗೆ ಮೇಲ್ ಸುರಿಯುತ್ತಾರೆ, ಯಾಕೆ ಅಂತ ಪರ್ಚೇಸ್‌ನವರಿಗೂ ಗೊತ್ತು. ಸ್ಪಾಂಜ್ ಐರನ್ ಕಿಲ್ನ್ ಒಂದು ಕ್ಯಾಂಪೇನ್, ಅಂದರೆ ನಿಲ್ಲಿಸದೆ ಒಂದು ಸುತ್ತು, ಓಡಿ, ಒಳಗೆ ಅಕ್ರಿಷನ್ (ಗೋಡೆಗೆ ಅಂಟುವ ಗಟ್ಟಿ ಪದರ) ಕಟ್ಟಿಕೊಂಡ ಮೇಲೆ ಶಟ್‌ಡೌನ್ ತೆಗೆದುಕೊಳ್ಳುತ್ತದೆ. ಬೇರಿಂಗ್, ಸೀಲ್, ಬೆಲ್ಟ್ ಬದಲಾಯಿಸುವುದು ಆಗಲೇ. ಆದ್ದರಿಂದ ಸ್ಟೋರ್‌ಗೆ ಹೋದಾಗ ಮುಂದಿನ ಶಟ್‌ಡೌನ್ ಸುಮಾರು ಯಾವಾಗ ಅಂತ ಕೇಳಿ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಅದಕ್ಕೆ ಸ್ವಲ್ಪ ಮುಂಚೆ, ಪಿಒ ಹಾಕಿ ಮಾಲು ತರಿಸಲು ಟೈಮ್ ಇರುವಾಗ, ಮೇಲ್ ಹೋಗುತ್ತದೆ. ಅಂಥ ಮೇಲ್ ಯಾರಿಗೂ ಕಿರಿಕಿರಿ ಅನ್ನಿಸುವುದಿಲ್ಲ, ಅವರೇ ಆ ಕೆಲಸದ ಮೇಲೆ ಕೂತಿರುತ್ತಾರೆ. ಮಧ್ಯದಲ್ಲಿ ಸುಮ್ನೆ ಇರುವುದೂ ಕೆಲಸವೇ. ಹೇಳಲು ಹೊಸದೇನೂ ಇಲ್ಲದಿದ್ದರೆ ನಾನು ಮೇಲ್ ಹಾಕುವುದಿಲ್ಲ. ರೇಟು ಬದಲಾಯಿತು, ಮಾಲು ಬಂತು, ಸ್ಟಾಕ್ ಕಡಿಮೆಯಾಯಿತು, ಡೆಲಿವರಿ ತಾರೀಖು ಬದಲಾಯಿತು, ಇವುಗಳಲ್ಲಿ ಒಂದಾದರೂ ಇರಬೇಕು.

ಹಾಗಂತ ಫೋನ್ ಪೂರ್ತಿ ಬಿಟ್ಟಿಲ್ಲ. ಬ್ರೇಕ್‌ಡೌನ್ ಆದಾಗ ಅವರೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ, ಆಗ ಎತ್ತಲೇಬೇಕು. ಎತ್ತಿ, ಮಾತು ಮುಗಿದ ಕೂಡಲೇ "ನೀವು ಹೇಳಿದ ಪ್ರಕಾರ ಈ ಮಾಲು, ಈ ರೇಟು, ಇಷ್ಟೊತ್ತಿಗೆ" ಅಂತ ಎರಡು ಸಾಲಿನ ಮೇಲ್. ಬೆಳಿಗ್ಗೆ ಪಿಒ ಮಾಡುವವರಿಗೆ ಅದೇ ಆಧಾರ. ಡೆಲಿವರಿ ತಪ್ಪುವ ಹಾಗಿದ್ದರೆ ಮಾತ್ರ ನಾನಾಗಿ ಫೋನ್ ಮಾಡುತ್ತೇನೆ. ಕೆಟ್ಟ ಸುದ್ದಿಯನ್ನು ಮೇಲ್ ಹಿಂದೆ ಬಚ್ಚಿಟ್ಟುಕೊಂಡು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಎಷ್ಟು ಬರೆದರೂ ಉತ್ತರ ಬರದ ಕೋಟೇಷನ್ ಇದ್ದೇ ಇರುತ್ತವೆ. ರೇಟಿನ ಅವಧಿ ಮುಗಿದಾಗ ಕೊನೆಯ ಮೇಲ್ ಒಂದು: "ಈ ಕೋಟೇಷನ್ ಇಂದಿಗೆ ಮುಗಿಯುತ್ತದೆ, ತೆಗೆದಿಟ್ಟ ಮಾಲು ಬಿಡುಗಡೆ ಮಾಡುತ್ತಿದ್ದೇನೆ, ಮುಂದೆ ಬೇಕಾದರೆ ಹೊಸ ರೇಟು ಕೊಡುತ್ತೇನೆ." ಇದರಲ್ಲಿ ಸಿಟ್ಟೂ ಇರಬಾರದು, ಸುಳ್ಳು ಬೆದರಿಕೆಯೂ ಇರಬಾರದು. ನಿಜವಾಗಲೂ ಮಾಲು ತೆಗೆದಿಟ್ಟಿದ್ದರೆ ಮಾತ್ರ ಹಾಗೆ ಬರೆಯಬೇಕು. ಎಷ್ಟೋ ತಿಂಗಳಿಂದ ಸುಮ್ಮನಿದ್ದವರು ಈ ಮೇಲಿಗೆ "ಅಪ್ರೂವಲ್ ಪೆಂಡಿಂಗ್ ಇದೆ, ಒಂದು ವಾರ ಇಡಿ" ಅಂತ ಉತ್ತರ ಕೊಟ್ಟದ್ದುಂಟು.

ಪೇಮೆಂಟ್ ಫಾಲೋಅಪ್‌ಗೆ ಬೇರೆ ಥ್ರೆಡ್ ತೆರೆಯಿರಿ. ರೇಟಿನ ಮಾತುಕತೆ ಇರುವ ಥ್ರೆಡ್‌ನಲ್ಲಿ ಬಾಕಿ ಕೇಳಿದರೆ ಅದು ಅಕೌಂಟ್ಸ್‌ಗೆ ಹೋಗುವುದೇ ಇಲ್ಲ. ಪಿಒ ನಂಬರ್, ಇನ್‌ವಾಯ್ಸ್ ನಂಬರ್, ಜಿಆರ್‌ಎನ್ (ಮಾಲು ಸೇರಿತು ಅಂತ ಸ್ಟೋರ್‌ನವರು ಮಾಡುವ ದಾಖಲೆ) ನಂಬರ್ ಮತ್ತು ತಾರೀಖು, ಬಾಕಿ ಮೊತ್ತ, ಇವಿಷ್ಟೂ ಒಂದೇ ಕಡೆ ಕಾಣಬೇಕು. ಎಷ್ಟೋ ಕಡೆ ಕ್ರೆಡಿಟ್ ದಿನಗಳ ಲೆಕ್ಕ ಶುರುವಾಗುವುದೇ ಜಿಆರ್‌ಎನ್ ತಾರೀಖಿನಿಂದ. ಅದಿಲ್ಲದ ಮೇಲನ್ನು ಅಕೌಂಟ್ಸ್‌ನವರು ಸ್ಟೋರ್‌ಗೆ ತಿರುಗಿಸುತ್ತಾರೆ, ಸ್ಟೋರ್‌ನವರು ಪರ್ಚೇಸ್‌ಗೆ, ಅಷ್ಟರಲ್ಲಿ ಆ ವಾರದ ಪೇಮೆಂಟ್ ಲಿಸ್ಟ್ ಮುಗಿದಿರುತ್ತದೆ. ಮಾಲು ಇಳಿಸಿದ ದಿನವೇ ಸ್ಟೋರ್ ಕಿಟಕಿ ಹತ್ತಿರ ನಿಂತು ಜಿಆರ್‌ಎನ್ ನಂಬರ್ ಯಾವಾಗ ಆಗುತ್ತದೆ ಅಂತ ಕೇಳಿಕೊಂಡು ಬನ್ನಿ.